ಬೆಳಗಿನ ನೀಲಿ

ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಒಂದೇ ಒಂದು ಮಾತಿನಿಂದ. ಇವರು ಬಚ್ಚಲಿಂದ ಹೊರಗೆ ಬಂದು, ಟವೆಲಿಗೆ ಕೈ ಒರೆಸಿಕೊಳ್ಳುತ್ತ, ಪರೀಕ್ಷೆ ಪಾಸಾದವರ ಗತ್ತಿನಲ್ಲಿ "ನೀಲಿ" ಎನ್ನುತ್ತಿದ್ದರು. ನಾನು "ಹೂಂ" ಎಂದು ಚಹಾಕ್ಕೆ ನೀರಿಡುತ್ತಿದ್ದೆ. ಇವರು ಎಂದರೆ ನನ್ನ ಗಂಡ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ನಾನು ಅವರನ್ನು ಹೆಸರು ಹಿಡಿದು ಕರೆದದ್ದು ಎರಡು ಸಲ, ಎರಡೂ ಸಲ ಜಗಳದಲ್ಲಿ.

ನೀಲಿ ಎಂದರೆ ಸಕ್ಕರೆ ಇಲ್ಲ ಎಂದರ್ಥ. ಇವರಿಗೆ ಸಕ್ಕರೆ ಕಾಯಿಲೆ ಶುರುವಾಗಿ ಏಳು ವರ್ಷ. ಬೆರಳಿಗೆ ಚುಚ್ಚಿ ನೋಡುವ ಪುಟ್ಟ ಮೀಟರು ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಇವರು ತಂದರು, ಒಂದು ವಾರ ಚುಚ್ಚಿಕೊಂಡರು. ಎಂಟನೆಯ ದಿನ ನಮ್ಮ ಅಂಗಡಿಗೆ ಬಂದಿದ್ದ ಒಬ್ಬ ಗಿರಾಕಿಯ ಬಿಳಿ ಕೋಟಿನ ಮೇಲೆ ಸಾಸಿವೆಕಾಳಿನಷ್ಟು ರಕ್ತ ಅಂಟಿತು. ಮೀಟರು ಅಟ್ಟ ಸೇರಿತು. ಅದರ ಬದಲು ಔಷಧಿ ಅಂಗಡಿಯಿಂದ ಕಾಗದದ ಪಟ್ಟಿಗಳ ಒಂದು ಡಬ್ಬಿ ಬಂತು. ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ಮೂವತ್ತು ಎಣಿಸಿ ನೋಡಬೇಕು. ತುದಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಇದೆ, ಹಸಿರು ಕಡುವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಗೆ ನಡೆಯಬೇಕು. ಹೋಲಿಸಿ ನೋಡಲಿ ಎಂದು ಡಬ್ಬಿಯ ಮೇಲೆ ಬಣ್ಣದ ಚೌಕಗಳನ್ನು ಅಚ್ಚು ಹಾಕಿರುತ್ತಾರೆ. ಇವರು ಅವುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಯಾವ ಬಣ್ಣ ಅಂತ ನನಗೆ ಡಬ್ಬಿ ಹೇಳಿಕೊಡಬೇಕಾ?" ಎನ್ನುತ್ತಿದ್ದರು.

ಆ ಜಂಭಕ್ಕೆ ಕಾರಣವಿತ್ತು, ಸುಮ್ಮನೆ ಹೇಳಬಾರದು. ನಮ್ಮದು ರಫೂ ಅಂಗಡಿ. ಹರಿದದ್ದು, ಸುಟ್ಟದ್ದು, ಹುಳು ತಿಂದದ್ದು, ಎಂಥ ಬಟ್ಟೆಯೇ ಬರಲಿ, ಎಳೆಗೆ ಎಳೆ ಕೂಡಿಸಿ ಅಲ್ಲೊಂದು ತೂತಿತ್ತು ಎನ್ನುವುದೇ ಗೊತ್ತಾಗದ ಹಾಗೆ ಮಾಡಿಕೊಡುವ ಕೆಲಸ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ, ಎರಡರ ನಡುವಿನ ಇಕ್ಕಟ್ಟು ಹಾದಿಯಲ್ಲಿ ದಾರದ ಬೀರು. ನೂರಿಪ್ಪತ್ತು ಪುಟ್ಟ ಡ್ರಾಯರು, ಒಂದರ ಮೇಲೂ ಚೀಟಿಯಿಲ್ಲ. ಬಟ್ಟೆ ತೆಗೆದುಕೊಳ್ಳುವುದು, ಗುಂಡಿ ಹಾಕುವುದು, ಅಂಚು ಮಡಿಸುವುದು ನನ್ನ ಪಾಲು. ರಫೂ ಇವರದು.

ಬೇರೆ ರಫೂ ಅಂಗಡಿಯವರು ಬಟ್ಟೆಯನ್ನು ಬೀರುವಿನ ಹತ್ತಿರ ಒಯ್ದು, ರೀಲುಗಳನ್ನು ಒಂದೊಂದಾಗಿ ಅದರ ಮೇಲಿಟ್ಟು ನೋಡುತ್ತಾರೆ. ಇವರು ಹಾಗಲ್ಲ. ಬಾಗಿಲ ಮುಂದಿನ ಮೆಟ್ಟಿಲ ಕಲ್ಲಿನ ಮೇಲೆ ಬೆಳಗಿನ ಬೆಳಕಿನಲ್ಲಿ ಬಟ್ಟೆಯನ್ನು ಹರಡಿ ಒಂದು ಸಲ ನೋಡುವುದು, ಆ ಬಣ್ಣವನ್ನು ಕಣ್ಣಲ್ಲೇ ಹೊತ್ತುಕೊಂಡು ಒಳಗೆ ಹೋಗುವುದು, ಮೂರು ನಾಲ್ಕು ಡ್ರಾಯರು ಎಳೆದು ಒಂದು ರೀಲು ತರುವುದು. ತಂದ ರೀಲನ್ನು ಬಟ್ಟೆಯ ಮೇಲಿಟ್ಟರೆ ಕಾಣೆಯಾಗಬೇಕು. ಕಾಣೆಯಾಗುತ್ತಿತ್ತು. ಗಿರಾಕಿಗಳು ಬಾಯಿ ಬಿಟ್ಟು ನೋಡುತ್ತಿದ್ದರು, ಇವರು ಏನೂ ಆಗದವರ ಹಾಗೆ ಸೂಜಿ ಹುಡುಕುತ್ತಿದ್ದರು.

ಬಣ್ಣಗಳಿಗೆ ನಾವೇ ಇಟ್ಟುಕೊಂಡ ಹೆಸರುಗಳಿದ್ದವು. ಕಡುಗೆಂಪಿಗೆ 'ನಾದಿನಿ ಸಿಟ್ಟು'. ಹಳದಿಗೆ ತಿರುಗಿದ ಬಿಳಿಗೆ 'ಹಳೇ ಹಲ್ಲು'. ಮಾಸಿದ ಕಪ್ಪಿಗೆ 'ಮಾವನ ಛತ್ರಿ'. ತಿಳಿಹಸಿರಿಗೆ 'ಆಸ್ಪತ್ರೆ ಗೋಡೆ'. ತಿಳಿನೀಲಿಗೆ 'ಮೊದಲ ಕಾಗದ', ಏಕೆಂದರೆ ಮದುವೆಗೆ ಮುಂಚೆ ಇವರು ನನಗೆ ಬರೆದ ಮೊದಲ ಪತ್ರದ ಹಾಳೆ ಆ ಬಣ್ಣದ್ದು. ಪತ್ರದಲ್ಲಿದ್ದದ್ದು ಹೊಲಿಗೆ ಯಂತ್ರದ ಬೆಲ್ಟು ತುಂಡಾದ ವಿಷಯ ಮಾತ್ರ, ಅದು ಬೇರೆ ಮಾತು.

ಹದಿಮೂರು ತಿಂಗಳ ಹಿಂದೆ ಸಂಗೀತದ ಟೀಚರಮ್ಮ ಒಂದು ತಿಳಿನೀಲಿ ಉಣ್ಣೆ ಕೋಟು ಕೊಟ್ಟು ಹೋದರು. ಬಲ ಮೊಣಕೈ ಸವೆದಿತ್ತು. ಇವರು ಕಲ್ಲಿನ ಮೇಲೆ ಹರಡಿ ನೋಡಿದರು, ಒಳಗೆ ಹೋದರು, ರೀಲು ತಂದು ಕೋಟಿನ ಪಕ್ಕ ಇಟ್ಟು ಚಹಾ ಕುಡಿಯಲು ಹೋದರು. ನಾನು ನೋಡುತ್ತೇನೆ, 'ಆಸ್ಪತ್ರೆ ಗೋಡೆ'. ಹಿಂದಿನ ವಾರವಷ್ಟೇ ನಾನು ಬೀರುವಿನ ಧೂಳು ಹೊಡೆದಿದ್ದೆ. ರೀಲುಗಳನ್ನು ಅದಲುಬದಲು ಇಟ್ಟಿದ್ದೇನೆ ಎಂದುಕೊಂಡು, ಬೈಸಿಕೊಳ್ಳುವುದು ಯಾಕೆ ಎಂದು ಓಡಿಹೋಗಿ 'ಮೊದಲ ಕಾಗದ' ತಂದಿಟ್ಟೆ. ಇವರು ಬಂದರು, ಕೂತರು, ಹೊಲಿದರು. ಏನೂ ಗೊತ್ತಾಗಲಿಲ್ಲ.

ಹತ್ತು ದಿನಕ್ಕೆ ಮತ್ತೆ ಹಾಗೇ ಆಯಿತು. ಈ ಸಲ ಡ್ರಾಯರುಗಳನ್ನೆಲ್ಲ ತೆಗೆದು ನೋಡಿದೆ. ಎಲ್ಲ ಅವುಗಳ ಜಾಗದಲ್ಲೇ ಇದ್ದವು. ತಪ್ಪು ನನ್ನದಲ್ಲ, ಇವರ ಕಣ್ಣಿನದು. ಆ ಕಣ್ಣಿನ ಮೇಲೆಯೇ ಇವರು ಇಷ್ಟು ವರ್ಷ ತಲೆಯೆತ್ತಿ ಓಡಾಡಿದ್ದು. ಅದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ವಯಸ್ಸಾಯಿತು, ಅಷ್ಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಲ್ಲಿಂದ ಮುಂದೆ ಅದೊಂದು ದಿನಚರಿಯಾಯಿತು. ಇವರು ರೀಲು ತಂದಿಡುವುದು, ಚಹಾಕ್ಕೆ ಹೋಗುವುದು, ನಾನು ಬದಲಾಯಿಸುವುದು. ತಪ್ಪಿದ ರೀಲುಗಳನ್ನು ವಾಪಸ್ ಡ್ರಾಯರಿಗೆ ಹಾಕಿದರೆ ಮತ್ತೆ ಅದನ್ನೇ ತರುತ್ತಾರೆಂದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಹೊಲಿಗೆ ಯಂತ್ರದ ಕೆಳಗೆ ತಳ್ಳಿದ್ದೆ. ನನ್ನ ಜಾಣತನದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಬೇರೆ. ಒಬ್ಬ ಜಡ್ಜಮ್ಮ ತಮ್ಮ ನೀಲಿ ಕೋಟಿನ ಕೆಲಸ ಮೆಚ್ಚಿ ನಾಲ್ಕು ಸಾಲು ಬರೆದು ಕೊಟ್ಟರು. ಇವರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದರು. ನಾನೇ ಮೊಳೆ ಹಿಡಿದುಕೊಟ್ಟೆ.

ಪ್ರತಿದಿನ ಬೆಳಗ್ಗೆ "ನೀಲಿ", ನನ್ನ "ಹೂಂ". ನೀಲಿಯೇ ಬರುತ್ತಿದೆಯಲ್ಲ ಎಂದು ಇವರು ರಾತ್ರಿಯ ಮಾತ್ರೆಯನ್ನು ತಾವೇ ನಿಲ್ಲಿಸಿಕೊಂಡರು. ಚಹಾಕ್ಕೆ ಒಂದು ಚಮಚ ಸಕ್ಕರೆ ವಾಪಸ್ ಬಂತು. ಒಂದೇ ಕಣ್ಣು ದಾರವನ್ನೂ ನೋಡುತ್ತದೆ, ಪಟ್ಟಿಯನ್ನೂ ನೋಡುತ್ತದೆ ಎಂದು ನನ್ನ ಮಂಕು ತಲೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಕಳೆದ ವಸಂತದಲ್ಲಿ. ತಂಗಿಗೆ ಮೈ ಸರಿಯಿಲ್ಲವೆಂದು ನಾನು ಎರಡು ದಿನ ಅವಳ ಮನೆಗೆ ಹೋಗಿದ್ದೆ. ವಾಪಸ್ ಬರುವ ಹೊತ್ತಿಗೆ ಅಂಗಡಿಯಲ್ಲಿ ಗಲಾಟೆ. ಬಸ್ ಕಂಡಕ್ಟರೊಬ್ಬ ತನ್ನ ನೀಲಿ ಸಮವಸ್ತ್ರದ ತೋಳನ್ನು ಇವರ ಮುಂದೆ ಚಾಚಿ ನಿಂತಿದ್ದ.

"ಸ್ವಾಮಿ, ನೀವೇ ನೋಡಿ. ಎಲೆ ಅಂಟಿಸಿದ ಹಾಗಿದೆ. ಬಸ್ಸಲ್ಲಿ ಎಲ್ಲ ನಗ್ತಾರೆ."

"ನಿಮ್ಮ ಬಸ್ಸಿನ ದೀಪ ಸರಿಯಿಲ್ಲ," ಎಂದರು ಇವರು.

"ಈಗ ಬಸ್ಸಲ್ಲಿ ಇದೀವಾ?"

ನಾನು ನಡುವೆ ಹೋಗಿ, ನಾಳೆಗೆ ಸರಿ ಮಾಡಿಕೊಡುತ್ತೇವೆಂದು ಹೇಳಿ ಅವನನ್ನು ಕಳಿಸಿದೆ. ಇವರು ದಾರದ ಕಂಪನಿಯವರಿಗೆ ಶಾಪ ಹಾಕಿದರು. ಈಗಿನವರು ಬಣ್ಣವನ್ನೇ ಹಾಕುವುದಿಲ್ಲ, ನೀಲಿಯೆಲ್ಲ ಸಪ್ಪೆ, ಹಳದಿಗೂ ಬಿಳಿಗೂ ವ್ಯತ್ಯಾಸವಿಲ್ಲ, ಎಲ್ಲ ಮೋಸ ಎಂದು ಅರ್ಧ ಗಂಟೆ ಬೈದು ಮುಖ ಊದಿಸಿಕೊಂಡು ಹೊರಗೆ ಹೋದರು. ನಾನು ಕಿಟಕಿಯ ಬಳಿ ಕೂತು ರಫೂ ಬಿಚ್ಚಿದೆ. ಹೊಲಿಗೆ ಎಂದಿನಂತೆ ಒಂದಿಷ್ಟೂ ಕುಂದಿಲ್ಲ. ದಾರ ಮಾತ್ರ ಹಸಿರು.

ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿಕೊಂಡೇ ಬಚ್ಚಲಿಗೆ ಹೋದೆ. ಎರಡು ದಿನ ಮನೆಯಲ್ಲಿ ನಾನಿರಲಿಲ್ಲವಾದ್ದರಿಂದ ಕಸದ ಬುಟ್ಟಿ ತುಂಬಿತ್ತು. ಅದನ್ನು ಎತ್ತುವಾಗ ಮೇಲಿದ್ದ ಎರಡು ಪಟ್ಟಿಗಳು ಕಣ್ಣಿಗೆ ಬಿದ್ದವು. ಎರಡೂ ಹಸಿರು. ನನ್ನ ಬೆರಳಿಗೆ ಸುತ್ತಿದ್ದ ದಾರದ್ದೇ ಹಸಿರು.

ಬುಟ್ಟಿಯನ್ನು ಹಿಡಿದುಕೊಂಡು ಅಲ್ಲೇ ನಿಂತೆ. ಒಣಗಿದ ಮೇಲೆ ಬಣ್ಣ ಬದಲಾಗುತ್ತದೆ, ಮೂವತ್ತು ಎಣಿಸುವಾಗ ನೀಲಿಯೇ ಇದ್ದಿರಬಹುದು ಎಂದು ಹೇಳಿಕೊಂಡೆ. ಹಾಗೆಂದು ಡಬ್ಬಿಯ ಮೇಲೂ ಬರೆದಿತ್ತು. ಆದರೂ ಆ ಮಾತನ್ನು ನಾನೇ ನಂಬಲಿಲ್ಲ.

ಮರುದಿನ ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತೆ. ಒಳಗೆ ಇವರು ಎಣಿಸುವುದು ಕೇಳುತ್ತಿತ್ತು. ಮೂವತ್ತಕ್ಕೆ ಬಾಗಿಲು ತೆರೆಯಿತು.

"ನೀಲಿ," ಎಂದರು. ನನ್ನನ್ನು ಕಂಡು "ಏನು, ಕಾವಲು ಕೂತಿದೀಯ?" ಎಂದರು.

"ತೋರಿಸಿ ಇಲ್ಲಿ."

ಪಟ್ಟಿಯ ತುದಿ ಇನ್ನೂ ಹಸಿಯಾಗಿತ್ತು. ಡಬ್ಬಿಯ ಚೌಕಗಳ ಪಕ್ಕ ಹಿಡಿದೆ. ನೀಲಿ ಚೌಕ ದಾಟಿ, ತಿಳಿಹಸಿರು ದಾಟಿ, ಮೂರನೆಯದಕ್ಕೆ ಸರಿಹೋಯಿತು.

"ರೀ, ಇದು ಹಸಿರು," ಎಂದೆ.

ಇವರು ನಕ್ಕರು. "ನಿನಗೆ ಕನ್ನಡಕ ಬೇಕು ಕಣೇ. ಬಾ ಕಲ್ಲಿಗೆ."

ನಮ್ಮ ಅಂಗಡಿಯಲ್ಲಿ ಬಣ್ಣದ ಬಗ್ಗೆ ಜಗಳವಾದರೆ ತೀರ್ಪು ಮೆಟ್ಟಿಲ ಕಲ್ಲಿನದು. ಇವರೇ ಮಾಡಿದ ಕಾನೂನು. ಇಬ್ಬರೂ ಹೊರಗೆ ಬಂದೆವು. ಎಳೆ ಬಿಸಿಲು ನೇರವಾಗಿ ಕಲ್ಲಿನ ಮೇಲೆ ಬಿದ್ದಿತ್ತು. ಪಟ್ಟಿಯನ್ನು ಅಲ್ಲಿಟ್ಟೆವು. ಎದುರಿನ ಬೀಗ ರಿಪೇರಿ ಅಂಗಡಿಯವನು ಆಗಷ್ಟೇ ಕದ ತೆಗೆಯುತ್ತಿದ್ದ. ಬೀದಿಯವರೆಲ್ಲ ಅವನನ್ನು ಬೀಗದಣ್ಣ ಎನ್ನುತ್ತೇವೆ.

"ಬೀಗದಣ್ಣ, ಒಂದ್ನಿಮಿಷ ಬಾ. ಇದು ಯಾವ ಬಣ್ಣ ಹೇಳು," ಎಂದು ಇವರೇ ಕರೆದರು.

ಅವನು ಬಗ್ಗಿ ನೋಡಿದ. ಕೈಯಲ್ಲಿ ಎತ್ತಿಕೊಳ್ಳಲು ಹೋದ.

"ಮುಟ್ಟಬೇಡ," ಎಂದೆ ನಾನು.

"ಹಸಿರಲ್ವಾ? ಯಾಕಕ್ಕ, ಏನಿದು?"

"ಇವಳು ಹೇಳಿಕೊಟ್ಟಿದಾಳೆ ನಿನಗೆ," ಎಂದರು ಇವರು. ಅವನು ನನ್ನ ಮುಖ ನೋಡಿದ, ಇವರ ಮುಖ ನೋಡಿದ, ಯಾವುದೋ ಗಂಡಹೆಂಡಿರ ಜಗಳ ಎಂದುಕೊಂಡು ಮೆಲ್ಲಗೆ ಜಾರಿಕೊಂಡ.

ಇನ್ನು ಬೇರೆ ದಾರಿಯಿರಲಿಲ್ಲ. ಒಳಗೆ ಹೋಗಿ ಹೊಲಿಗೆ ಯಂತ್ರದ ಕೆಳಗಿಂದ ಬಿಸ್ಕತ್ತಿನ ಡಬ್ಬಿ ಎಳೆದು ತಂದೆ. ರೀಲುಗಳನ್ನು ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ಇಪ್ಪತ್ತಾರು ಇದ್ದವು.

"ಒಂದೊಂದೇ ಹೆಸರು ಹೇಳಿ," ಎಂದೆ.

ಇವರು ಸಿಟ್ಟಿನಿಂದಲೇ ಕುಕ್ಕರಗಾಲಲ್ಲಿ ಕೂತರು. ಮೊದಲನೆಯದನ್ನು ಎತ್ತಿ "ಮೊದಲ ಕಾಗದ" ಎಂದರು. ಅದು 'ಆಸ್ಪತ್ರೆ ಗೋಡೆ'. ಎರಡನೆಯದು, "ಮೊದಲ ಕಾಗದ, ಸ್ವಲ್ಪ ಮಾಸಿದ್ದು." ಅದೂ ಹಸಿರೇ. ಮೂರನೆಯದು, ನಾಲ್ಕನೆಯದು. ಹಳದಿ ರೀಲೊಂದನ್ನು ಬಿಳಿ ಎಂದರು. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಒಂಬತ್ತನೆಯದಕ್ಕೆ ಬರುವ ಹೊತ್ತಿಗೆ ಇವರ ದನಿ ಇಳಿಯಿತು. ಒಂದೇ ಬಣ್ಣದ ಇಷ್ಟು ರೀಲುಗಳನ್ನು ನಾವು ಎಂದೂ ತರಿಸಿರಲಿಲ್ಲ ಎಂದು ಇವರಿಗೆ ಚೆನ್ನಾಗಿ ಗೊತ್ತಿತ್ತು.

"ಇವು ಡಬ್ಬಿಗೆ ಹೇಗೆ ಬಂದವು?" ಎಂದು ಕೇಳಿದರು.

ಹೇಳಿದೆ. ಚಹಾ ಕುಡಿಯಲು ಹೋದಾಗ ಬದಲಾಯಿಸುತ್ತಿದ್ದೆ ಎಂದೆ. ಇವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಕೈಯಲ್ಲಿದ್ದ ರೀಲನ್ನು ಕಲ್ಲಿನ ಮೇಲಿಟ್ಟು, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು "ನಡಿ" ಎಂದರು.

ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಮೊದಲು ಒಂದು ಮರದ ಪೆಟ್ಟಿಗೆ ಮುಂದಿಟ್ಟರು. ಅದರಲ್ಲಿ ಗುಂಡಿಯಷ್ಟು ದೊಡ್ಡ ಬಣ್ಣದ ಬಿಲ್ಲೆಗಳು. ಒಂದರ ಪಕ್ಕ ಅದಕ್ಕೆ ಅತಿ ಹತ್ತಿರದ ಬಣ್ಣ ಬರುವಂತೆ ಸಾಲಾಗಿ ಜೋಡಿಸಬೇಕು. ಅದನ್ನು ಕಂಡದ್ದೇ ಇವರ ಮುಖ ಗೆಲುವಾಯಿತು. ಜೀವನವಿಡೀ ಮಾಡಿಕೊಂಡು ಬಂದ ಕೆಲಸವಲ್ಲವೇ. ತೋಳು ಮಡಿಸಿಕೊಂಡು, ಬಿಲ್ಲೆಗಳನ್ನು ಸರಸರನೆ ಜೋಡಿಸಿ, ಒಂದು ನಿಮಿಷದೊಳಗೆ ಪೆಟ್ಟಿಗೆಯನ್ನು ಅವರ ಕಡೆ ತಳ್ಳಿದರು.

"ಇದಕ್ಕಿಂತ ಕಷ್ಟದ್ದು ಇದ್ರೆ ಕೊಡಿ," ಎಂದರು.

ನಾನು ಹಿಂದೆ ಕುರ್ಚಿಯಲ್ಲಿ ಕೂತಿದ್ದೆ. ನಾನು ಕೂತಲ್ಲಿಂದಲೇ ಕಾಣುತ್ತಿತ್ತು, ತಿಳಿಹಸಿರಿನ ಪಕ್ಕ ನೇರಳೆ ಕೂತಿತ್ತು. ಡಾಕ್ಟರಮ್ಮ ಬಿಲ್ಲೆಗಳ ಹಿಂದಿನ ಸಂಖ್ಯೆಗಳನ್ನು ಬರೆದುಕೊಂಡರು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ನನಗೆ ಅಲ್ಲಿ ಬಂತು.

ಆಮೇಲೆ ಕಣ್ಣಿಗೆ ಹನಿ ಹಾಕಿದರು, ಒಳಗಿನ ಚಿತ್ರ ತೆಗೆದರು, ರಕ್ತ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ವಿವರಿಸಿದ್ದು ಇಷ್ಟು. ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ಕಣ್ಣಿನ ಹಿಂದಿನ ಪರದೆಗೆ ಪೆಟ್ಟು ಬೀಳುತ್ತದೆ. ಅಕ್ಷರ ಮಸುಕಾಗುವುದಕ್ಕೆ ಮುಂಚೆಯೇ ಕೆಲವರಿಗೆ ಬಣ್ಣ ಮಂಕಾಗುತ್ತದೆ, ಅದರಲ್ಲೂ ನೀಲಿಯ ಕಡೆಯದು, ಹಳದಿಯ ಕಡೆಯದು. ನೀಲಿ ಹಸಿರು ಬೇರೆಯಾಗಿ ಕಾಣುವುದಿಲ್ಲ. ನಿಧಾನವಾಗಿ ಆಗುವುದರಿಂದ ಕಾಯಿಲೆಯವರಿಗೆ ಗೊತ್ತೇ ಆಗುವುದಿಲ್ಲ. ಇವರ ಎರಡೂ ಕಣ್ಣಿನ ಪರದೆಯಲ್ಲಿ ನೀರು ತುಂಬಿ ಊದಿಕೊಂಡಿದೆ, ಕಣ್ಣಿಗೆ ಚುಚ್ಚುಮದ್ದು ಬೇಕು, ಇನ್ನು ತಡ ಮಾಡಿದರೆ ಬಣ್ಣ ಮಾತ್ರವಲ್ಲ, ದೃಷ್ಟಿಯೇ ಹೋಗಬಹುದು.

"ಬೇರೆಯವರಿಗಾದ್ರೆ ಇದು ಗೊತ್ತಾಗೋದೇ ಕಷ್ಟ. ನಿಮ್ಮದು ಬಣ್ಣದ ಕೆಲಸ. ಬೇಗ ಗೊತ್ತಾಗಿರಬೇಕಲ್ಲ? ಯಾವಾಗಿಂದ ಹೀಗಿದೆ?" ಎಂದು ಕೇಳಿದರು.

"ಇವಳನ್ನ ಕೇಳಿ," ಎಂದರು ಇವರು.

"ಎಂಟು ತಿಂಗಳಿಂದ," ಎಂದೆ. ಡಾಕ್ಟರಮ್ಮ ಪೆನ್ನು ಹಿಡಿದು ಒಂದು ಗಳಿಗೆ ನನ್ನನ್ನು ನೋಡಿ, ಬರೆದುಕೊಂಡರು.

ಪಕ್ಕದ ಕೋಣೆಯ ನರ್ಸು ಮೀಟರಿನ ಮಾತೆತ್ತಿದಾಗ ಇವರು ಬಿಳಿ ಕೋಟಿನ ರಕ್ತದ ಕತೆ ಶುರು ಮಾಡಿದರು. ಆಕೆ ಅರ್ಧಕ್ಕೇ ತಡೆದು "ಎಡಗೈ ಕಿರುಬೆರಳಿನ ಪಕ್ಕಕ್ಕೆ ಚುಚ್ಚಿಕೊಳ್ಳಿ. ಆ ಬೆರಳು ಬಟ್ಟೆ ಮುಟ್ಟುತ್ತಾ?" ಎಂದಳು. ಇವರು ಗಾಳಿಯಲ್ಲೇ ರಫೂ ಮಾಡಿ ನೋಡಿಕೊಂಡರು. ಮುಟ್ಟುವುದಿಲ್ಲ. ಏಳು ವರ್ಷದ ನೆಪ ಅಲ್ಲಿಗೆ ಮುಗಿಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕೂತರು.

"ಜಡ್ಜಮ್ಮನ ಕೋಟು?" ಎಂದರು ಆಮೇಲೆ.

"ದಾರ ನಾನು ತೆಗೆದದ್ದು. ಕೆಲಸ ನಿಮ್ಮದೇ."

"ಯಾಕೆ ಹೇಳಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ."

ಎರಡು ನಿಲ್ದಾಣ ದಾಟಿದವು.

"ನನಗೆ ಕಾಣ್ತಿರಲಿಲ್ಲ, ಸರಿ," ಎಂದರು. "ನಿನಗೆ ಕಾಣ್ತಿತ್ತಲ್ಲ."

ಗಂಡನ ಮಾನ ಕಾಪಾಡುತ್ತಿದ್ದೇನೆ ಎಂದುಕೊಂಡು ಅವರ ಕಣ್ಣಿಗೇ ಕುತ್ತು ತಂದಿದ್ದೆ. ಮನೆಗೆ ಬಂದು ಏಣಿ ಹಾಕಿ ಅಟ್ಟದಿಂದ ಮೀಟರು ಇಳಿಸಿದೆ. ಅದು ಕೆಟ್ಟಿತ್ತು. ಹೊಸದು ತಂದೆವು.

ಇದೆಲ್ಲ ಆಗಿ ಐದು ತಿಂಗಳು. ಈಗ ಬಚ್ಚಲಿಂದ ನೀಲಿ ಬರುವುದಿಲ್ಲ, ಊಟದ ಮೇಜಿನಿಂದ ಸಂಖ್ಯೆ ಬರುತ್ತದೆ. ಕೆಲವು ದಿನ ಒಳ್ಳೆಯ ಸಂಖ್ಯೆ, ಕೆಲವು ದಿನ ಬೈಗುಳ. ಮಾತ್ರೆ ಎರಡೂ ಹೊತ್ತು. ಚಹಾದ ಸಕ್ಕರೆ ಹೋಯಿತು, ಅದಕ್ಕಾಗಿ ನನ್ನ ಚಹಾವನ್ನು ದಿನಾ ಹಳಿಯುವುದು ಬಂತು. ಕಣ್ಣಿಗೆ ಚುಚ್ಚುಮದ್ದು ನಾಲ್ಕಾಗಿದೆ. ಊತ ಇಳಿದಿದೆ, ದೃಷ್ಟಿಗೆ ಸದ್ಯ ಭಯವಿಲ್ಲ, ಬಣ್ಣ ಅಷ್ಟೋ ಇಷ್ಟೋ ಮರಳಬಹುದು, ಮಾತು ಕೊಡಲಾರೆ ಎಂದಿದ್ದಾರೆ ಡಾಕ್ಟರಮ್ಮ. ಆ 'ಅಷ್ಟೋ ಇಷ್ಟೋ' ಎನ್ನುವುದನ್ನು ಇವರು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ರೀಲು ಈಗಲೂ ತಾವೇ ತರುತ್ತಾರೆ. ತಂದು ನನಗೆ ತೋರಿಸಿ ಕೇಳುತ್ತಾರೆ.

ಹೋದ ವಾರ ಸಂಗೀತದ ಟೀಚರಮ್ಮ ಅದೇ ತಿಳಿನೀಲಿ ಕೋಟು ತಂದರು. ಈ ಸಲ ಎಡ ಮೊಣಕೈ. ಕೂತು ಮಾಡಿಸಿಕೊಂಡೇ ಹೋಗುತ್ತೇನೆಂದು ಬೆಂಚಿನ ಮೇಲೆ ಕೂತರು. ಇವರು ಕೋಟನ್ನು ಕಲ್ಲಿನ ಮೇಲೆ ಹರಡಿ, ಮೊದಲಿಗಿಂತ ಹೆಚ್ಚು ಹೊತ್ತು ನೋಡಿ, ಒಳಗೆ ಹೋದರು. ಡ್ರಾಯರುಗಳು ತೆರೆದು ಮುಚ್ಚುವುದು ಕೇಳಿಸಿತು, ಏಳೋ ಎಂಟೋ. ಹೊರಗೆ ಬಂದಾಗ ಮುಖದಲ್ಲಿ ಅಷ್ಟು ದಿನ ಕಾಣದಿದ್ದ ಹಳೆಯ ಗತ್ತಿತ್ತು.

"ನೀಲಿ," ಎಂದು ರೀಲು ಚಾಚಿದರು.

ಅದು 'ಆಸ್ಪತ್ರೆ ಗೋಡೆ'. ಟೀಚರಮ್ಮ ನೋಡುತ್ತಿದ್ದರು. "ಹೂಂ" ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಚಹಾ ಮಾಡುವ ನೆಪ ಹೇಳಿ ಎದ್ದು ಬದಲಾಯಿಸುವುದು ನನಗೆ ಎಷ್ಟು ಹೊತ್ತಿನ ಕೆಲಸ?

"ಹಸಿರು," ಎಂದೆ.

ಇವರು ತಿರುಗಿ ಒಳಗೆ ಹೋದರು. ಟೀಚರಮ್ಮ ತಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು. ಒಂದು ಡ್ರಾಯರು ಮುಚ್ಚಿತು, ಇನ್ನೊಂದು ತೆರೆಯಿತು. ಬಂದರು.

"ಇದು?"

"ನೀಲಿ. ಮೊದಲ ಕಾಗದ."

ಇವರು ರೀಲನ್ನು ಬಟ್ಟೆಯ ಮೇಲೆ ಇಡಲಿಲ್ಲ. ಹಸಿರು ಎಂದಾಗ ಒಂದೇ ಮಾತಿಗೆ ನಂಬಿ ಹೋದವರು, ಈಗ ನನ್ನ ಮುಖವನ್ನೇ ನೋಡುತ್ತ ನಿಂತರು.

"ನಿಜ ತಾನೇ?"

"ನಿಜ."

"ಬೇಜಾರಾಗುತ್ತೆ ಅಂತ ಹೇಳ್ತಿಲ್ಲ ತಾನೇ?"

"ಇಲ್ಲರೀ."

ಆದರೂ ಹಾಗೇ ನಿಂತಿದ್ದರು. ಇವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನು ಎದ್ದು ಕೋಟನ್ನೂ ರೀಲನ್ನೂ ಹೊರಗೆ ಒಯ್ದು ಕಲ್ಲಿನ ಮೇಲೆ ಒಟ್ಟಿಗೆ ಇಟ್ಟೆ. ಎದುರಿಗೆ ಬೀಗದಣ್ಣ ಯಾವುದೋ ಬೀಗಕ್ಕೆ ಎಣ್ಣೆ ಬಿಡುತ್ತಿದ್ದ.

"ಬೀಗದಣ್ಣ," ಎಂದು ಕೂಗಿದೆ, ಒಳಗಿನವರಿಗೂ ಕೇಳುವ ಹಾಗೆ. "ಇದು ಯಾವ ಬಣ್ಣ?"

ಅವನು ಕತ್ತು ಎತ್ತಿ ನೋಡಿದ.

"ನೀಲಿ, ಅಕ್ಕ. ಎರಡೂ ನೀಲಿ."

ಆಮೇಲೆ ಇವರು ಬಂದು ರೀಲು ತೆಗೆದುಕೊಂಡು, ನನ್ನನ್ನು ಸೂಜಿ ಕೇಳಿದರು.